ಗಾಳಿಗೆ ಬಿಲ್ಲಿಲ್ಲ, ಸಾಲಕ್ಕೆ ಬಡ್ಡಿ ಇದೆ

ಪೇಪರು ಬಿಡಿಸಿದರೆ ಸಾಕು, ಹಸಿರು ವಿದ್ಯುತ್ತು, ಶುದ್ಧ ಇಂಧನ ಅಂತ ಒಂದಲ್ಲ ಒಂದು ಸುದ್ದಿ ಇದ್ದೇ ಇರುತ್ತದೆ. ಓದಿದರೆ ಒಂದೋ ವಿಜ್ಞಾನದ ಮಾತು, ಇಲ್ಲವೇ ಭೂಮಿ ಉಳಿಸುವ ಮಾತು. ಎರಡೂ ಒಳ್ಳೆಯದೇ. ಆದರೆ ನಾನು ಬಿಕಾಂ ಓದಿದವನು, ಮೂವತ್ತು ವರ್ಷಕ್ಕೂ ಮೇಲೆ ಬ್ಯಾಂಕಿನಲ್ಲಿ ಸಾಲದ ಫೈಲು ತಿರುವಿದವನು. ಅದರಲ್ಲಿ ಬಹುಪಾಲು ಈ ಪುಣೆಯಲ್ಲೇ ಕಳೆದದ್ದು. ನನ್ನ ಕಣ್ಣಿಗೆ ಇದು ಮೊದಲು ಸಾಲದ ಕತೆ, ಆಮೇಲೆ ನೆಲದ ಕತೆ, ಯಂತ್ರ ಬರುವುದು ಮೂರನೆಯದಾಗಿ. ಪುಣೆಯ ಸುತ್ತಮುತ್ತ ಮತ್ತು ನಮ್ಮ ಕರ್ನಾಟಕದಲ್ಲಿ ನೂರಿಪ್ಪತ್ತು ವರ್ಷಗಳಿಂದ ನಡೆದುಬಂದದ್ದನ್ನು ಆ ದೃಷ್ಟಿಯಿಂದ ಒಮ್ಮೆ ಬರೆದಿಡೋಣ ಅನ್ನಿಸಿತು.

ಮೊದಲು ಒಂದು ಸಣ್ಣ ಲೆಕ್ಕ ಹೇಳಿಬಿಡುತ್ತೇನೆ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಕಲ್ಲಿದ್ದಲಿನ ವಿದ್ಯುತ್ ಕೇಂದ್ರ ಕಟ್ಟಿದವನು ಕಟ್ಟಿದ ಮೇಲೂ ದಿನಾ ಕಲ್ಲಿದ್ದಲು ಕೊಳ್ಳುತ್ತಲೇ ಇರಬೇಕು. ನೀರು, ಗಾಳಿ, ಬಿಸಿಲಿನ ಕೇಂದ್ರಕ್ಕೆ ಆ ತಾಪತ್ರಯ ಇಲ್ಲ. ಇಂಧನ ಪುಕ್ಕಟೆ. ಆದರೆ ಖರ್ಚೆಲ್ಲ ಮೊದಲೇ ಆಗಿಬಿಡುತ್ತದೆ. ಇಪ್ಪತ್ತೈದು ವರ್ಷ ಬರುವ ಕರೆಂಟಿನ ದುಡ್ಡನ್ನು ಮೊದಲ ದಿನವೇ ಯಾರಾದರೂ ಸುರಿಯಬೇಕು. ಸುರಿಯುವವರು ಹೆಚ್ಚಾಗಿ ಸಾಲ ತಂದೇ ಸುರಿಯುತ್ತಾರೆ. ಒಂದು ಮೆಗಾವ್ಯಾಟ್ ಸೋಲಾರ್ ಕೇಂದ್ರಕ್ಕೆ 4 ಕೋಟಿ ರೂಪಾಯಿ, ಅದರಿಂದ ವರ್ಷಕ್ಕೆ 16.5 ಲಕ್ಷ ಯೂನಿಟ್ ಅಂತ ಅಂದಾಜು ಇಟ್ಟುಕೊಳ್ಳಿ. ಪೂರ್ತಿ ಸಾಲ, 20 ವರ್ಷದ ಕಂತು. ಬಡ್ಡಿ ನೂರಕ್ಕೆ 5 ಆದರೆ ವರ್ಷಕ್ಕೆ ಸುಮಾರು 32 ಲಕ್ಷ ಕಟ್ಟಬೇಕು. ಅಂದರೆ ಒಂದು ಯೂನಿಟ್ಟಿನ ಮೇಲೆ ಸಾಲದ ಭಾರ 1 ರೂಪಾಯಿ 95 ಪೈಸೆ. ಬಡ್ಡಿ ನೂರಕ್ಕೆ 11 ಆದರೆ ವರ್ಷದ ಕಂತು 50 ಲಕ್ಷ ದಾಟುತ್ತದೆ, ಯೂನಿಟ್ಟಿಗೆ ಮೂರು ರೂಪಾಯಿಗೂ ಮೇಲೆ. ಅದೇ ಬಿಸಿಲು, ಅದೇ ಪ್ಯಾನೆಲ್ಲು, ಅದೇ ನೆಲ. ಬಡ್ಡಿಯೊಂದೇ ದರವನ್ನು ಒಂದೂವರೆ ಪಟ್ಟು ಮಾಡಿತು. ಹಾಗಾಗಿ ಯಾರು ದುಡ್ಡು ಹಾಕಿದರು, ಯಾವ ಭರವಸೆಯ ಮೇಲೆ ಹಾಕಿದರು, ನಷ್ಟ ಬಂದರೆ ಯಾರ ತಲೆಗೆ ಬಂತು ಅನ್ನುವುದೇ ಈ ಇತಿಹಾಸದ ಮುಖ್ಯ ಪ್ರಶ್ನೆ.

ಮೈಸೂರಿನವರ ಧೈರ್ಯ

ಈ ಲೆಕ್ಕವನ್ನು ನಮ್ಮ ಮೈಸೂರು ಸಂಸ್ಥಾನದವರು ಬಹಳ ಹಿಂದೆಯೇ ಹಾಕಿದ್ದರು. ಭಾರತದಲ್ಲಿ ನೀರಿನಿಂದ ಕರೆಂಟು ಮಾಡಿದ್ದು ಮೊದಲು 1897ರಲ್ಲಿ, ಡಾರ್ಜಿಲಿಂಗಿನ ಹತ್ತಿರ. ಆದರೆ ಅದು ಊರಿನ ಬೀದಿದೀಪಕ್ಕೆ ಸಾಕಾಗುವಷ್ಟು ಸಣ್ಣದು. ದೊಡ್ಡ ಪ್ರಮಾಣದಲ್ಲಿ, ವ್ಯಾಪಾರದ ಲೆಕ್ಕ ಹಾಕಿ ಮಾಡಿದ್ದು ಶಿವನಸಮುದ್ರ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಡಿ ಲಾಟ್‌ಬಿನಿಯರ್ ಅನ್ನುವ ಎಂಜಿನಿಯರು ಯೋಜನೆ ಹಾಕಿದರು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ಟರ್ಬೈನುಗಳು ಸ್ವಿಟ್ಜರ್‌ಲೆಂಡಿನ ಎಶರ್ ವಿಸ್ ಕಂಪನಿಯವು. 1902ರ ಜೂನ್ 30ಕ್ಕೆ ಕರೆಂಟು ಹರಿಯಿತು. ಎಲ್ಲಿಗೆ ಗೊತ್ತೇ? ಪಕ್ಕದ ಮೈಸೂರಿಗಲ್ಲ, ಬೆಂಗಳೂರಿಗೂ ಅಲ್ಲ. 92 ಮೈಲು ದೂರದ ಕೋಲಾರದ ಚಿನ್ನದ ಗಣಿಗೆ.

ಬ್ಯಾಂಕಿನವನಿಗೆ ಇಲ್ಲಿ ಮೆಚ್ಚುಗೆಯಾಗುವುದು ಈ ಕ್ರಮ. ಗಣಿ ಕಂಪನಿಗಳಿಗೆ ಹಬೆಯಂತ್ರ ನಡೆಸಲು ಸೌದೆ, ಕಲ್ಲಿದ್ದಲು ತರಿಸುವುದು ದುಬಾರಿಯಾಗಿತ್ತು. ಅವರಿಗೆ ಕರೆಂಟು ಬೇಕಿತ್ತು, ದುಡ್ಡು ಕೊಡುವ ತಾಕತ್ತೂ ಇತ್ತು. ಅವರ ಜೊತೆ ಕರಾರು ಮಾಡಿಕೊಂಡು, ಕೊಳ್ಳುವವರನ್ನು ಗಟ್ಟಿ ಮಾಡಿಕೊಂಡೇ ಸಂಸ್ಥಾನ ತನ್ನ ಬೊಕ್ಕಸದಿಂದ ದುಡ್ಡು ಹಾಕಿತು. ಅಷ್ಟು ದೂರ ತಂತಿ ಎಳೆದು ಕರೆಂಟು ಸಾಗಿಸಿದ ಅನುಭವ ಆಗ ಪ್ರಪಂಚದಲ್ಲೇ ಕೆಲವರಿಗೆ ಮಾತ್ರ ಇತ್ತು. ಅಂಥ ಅಪಾಯವನ್ನು ಯಾವ ಖಾಸಗಿ ಸಾವುಕಾರನೂ ಹೊರುತ್ತಿರಲಿಲ್ಲ. ಸರ್ಕಾರ ಹೊತ್ತಿತು. ಶೇಷಾದ್ರಿ ಅಯ್ಯರ್ ಮಾತ್ರ ಆ ದಿನ ನೋಡಲಿಲ್ಲ, 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ.

ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಗಣಿಗೆ ಕೊಟ್ಟ ಮಾತು ಉಳಿಸಿಕೊಳ್ಳುವುದು ಕಷ್ಟವಾಗುತ್ತಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರುವಾಗಲು ನೀರಾವರಿಯ ಜೊತೆಗೆ ಇದೂ ಒಂದು ಕಾರಣ. ಇವತ್ತು ಸೋಲಾರಿನವರು ರಾತ್ರಿಗೆ ಬ್ಯಾಟರಿ ಬೇಕು ಅನ್ನುತ್ತಾರಲ್ಲ, ಅದೇ ಸಮಸ್ಯೆ. ಆಗ ಅದಕ್ಕೆ ಅಣೆಕಟ್ಟೇ ಬ್ಯಾಟರಿ.

ಮುಳಶಿಯ ನೆಲ

ಮೈಸೂರಿನಲ್ಲಿ ಸರ್ಕಾರ ಮಾಡಿದ್ದನ್ನು ನಮ್ಮ ಪುಣೆಯ ಪಶ್ಚಿಮಕ್ಕೆ ಸಹ್ಯಾದ್ರಿಯಲ್ಲಿ ಟಾಟಾ ಕಂಪನಿ ಮಾಡಿತು. ಮುಂಬಯಿಯ ಬಟ್ಟೆ ಮಿಲ್ಲುಗಳು ಕಲ್ಲಿದ್ದಲಿನ ಹೊಗೆಯಲ್ಲಿ ನಡೆಯುತ್ತಿದ್ದ ಕಾಲ. ಘಟ್ಟದ ಮೇಲೆ ಸುರಿಯುವ ಮಳೆಯನ್ನು ಕೆರೆಗಳಲ್ಲಿ ಹಿಡಿದು ಕೊಂಕಣದ ಕಡೆ ಕೆಳಗೆ ಬೀಳಿಸಿದರೆ ಕರೆಂಟು ಅನ್ನುವುದು ಜಮಶೇಟ್‌ಜಿ ಟಾಟಾ ಅವರ ಕಾಲದಿಂದಲೂ ಇದ್ದ ಯೋಚನೆ. ಅವರು 1904ರಲ್ಲಿ ತೀರಿಕೊಂಡರು. 1910ರಲ್ಲಿ ಕಂಪನಿ ಆಯಿತು, 1915ರಲ್ಲಿ ಖೋಪೋಲಿ ಕೇಂದ್ರ ಶುರುವಾಯಿತು. ಇಲ್ಲೂ ಕೊಳ್ಳುವವರು ಮೊದಲೇ ಸಿದ್ಧ: ಮಿಲ್ಲುಗಳು. ನಾವು ಮಳೆಗಾಲದಲ್ಲಿ ಲೋಣಾವಳಕ್ಕೆ ಹೋಗಿ ಚಿಕ್ಕಿ ಕೊಂಡು, ಕೆರೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತೇವೆ. ಆ ವಳವಣ ಕೆರೆ ಮುಂಬಯಿಯ ಮಿಲ್ಲಿಗಾಗಿ ಕಟ್ಟಿದ್ದು ಅಂತ ಎಷ್ಟು ಜನಕ್ಕೆ ಗೊತ್ತು?

ಮುಳಶಿಗೆ ಬಂದಾಗ ಕತೆ ಬದಲಾಯಿತು. ಮುಳಾ ಮತ್ತು ನೀಲಾ ನದಿಗಳ ಸಂಗಮದಲ್ಲಿ ಕಟ್ಟೆ ಕಟ್ಟಿದರೆ 52 ಹಳ್ಳಿಗಳಿಗೆ ಪೆಟ್ಟು. ಅಲ್ಲಿನ ಮಾವಳ ರೈತರು 1921ರ ರಾಮನವಮಿಯ ದಿನ ಸತ್ಯಾಗ್ರಹ ಶುರು ಮಾಡಿದರು. ಪಾಂಡುರಂಗ ಮಹಾದೇವ ಬಾಪಟ್ ಅವರಿಗೆ ಸೇನಾಪತಿ ಅನ್ನುವ ಹೆಸರು ಬಂದದ್ದು ಈ ಹೋರಾಟದಿಂದಲೇ. 'ಜಾನ್ ಕಿಂವಾ ಜಮೀನ್', ಅಂದರೆ ಪ್ರಾಣ ಇಲ್ಲವೇ ಭೂಮಿ, ಅನ್ನುವುದು ಅವರ ಘೋಷಣೆ. ಮೂರು ವರ್ಷಗಳ ಕಾಲ ಎಳೆದಾಡಿ ಹೋರಾಟ ಸೋತಿತು. ಬಾಪಟ್ ಜೈಲಿಗೆ ಹೋದರು. 1927ರಲ್ಲಿ ಭಿರಾ ಕೇಂದ್ರ ಶುರುವಾಯಿತು.

ಇದರಲ್ಲಿ ನಾನು ಮುಖ್ಯ ಅಂತ ಹಿಡಿಯುವುದು ಒಂದು ಸಂಗತಿ. ಮುಳಶಿಯ ಜಮೀನು ಬಹಳಷ್ಟು ಉಳುವವರ ಹೆಸರಿನಲ್ಲಿ ಇರಲಿಲ್ಲ. ಸಾಲದ ಕಾರಣಕ್ಕೆ ಅದು ಪುಣೆಯ ಸಾವುಕಾರರ ಕೈಗೆ ಹೋಗಿತ್ತು. ಕಾಗದ ಯಾರ ಕೈಯಲ್ಲಿದೆಯೋ ಪರಿಹಾರದ ಮಾತುಕತೆ ಅವರ ಜೊತೆ. ಸಾವುಕಾರನಿಗೆ ಹೆಚ್ಚು ದುಡ್ಡು ಬಂದರೆ ಸಾಕು. ಮಾವಳನಿಗೆ ಬೇಕಾಗಿದ್ದದ್ದು ನೆಲ. ಒಂದೇ ಸತ್ಯಾಗ್ರಹದಲ್ಲಿದ್ದರೂ ಇಬ್ಬರ ಲೆಕ್ಕ ಬೇರೆ ಬೇರೆ. ಕೊನೆಗೆ ದುಡ್ಡಿನ ಲೆಕ್ಕವೇ ಗೆದ್ದಿತು.

ಇನ್ನೊಂದು ಮಾತು, ನಮಗೆ ಸಂಬಂಧಿಸಿದ್ದು. ಮುಳಾ ನದಿ ಸಹಜವಾಗಿ ಪೂರ್ವಕ್ಕೆ ಹರಿದು ಭೀಮೆಗೆ ಸೇರಬೇಕಾದದ್ದು. ಭೀಮೆ ಸೊಲ್ಲಾಪುರ ದಾಟಿ ನಮ್ಮ ವಿಜಯಪುರ, ಕಲಬುರಗಿ ಕಡೆಗೆ ಬರುತ್ತಾಳೆ. ಮುಳಶಿಯಲ್ಲಿ ತಡೆದ ನೀರು ಕರೆಂಟು ಮಾಡಿ ಪಶ್ಚಿಮಕ್ಕೆ ಕೊಂಕಣಕ್ಕೆ ಇಳಿದುಹೋಗುತ್ತದೆ. ಹೊಗೆಯಿಲ್ಲದ ಕರೆಂಟು ನಿಜ, ಖರ್ಚಿಲ್ಲದ ಕರೆಂಟಂತೂ ಅಲ್ಲ.

ಡಿಪ್ರಿಸಿಯೇಷನ್ನಿನಿಂದ ತಿರುಗಿದ ಫ್ಯಾನು

ಇಲ್ಲಿಂದ ಅರ್ಧ ಶತಮಾನ ಮುಂದೆ ಬರೋಣ. 1973ರಲ್ಲಿ ಎಣ್ಣೆ ಬೆಲೆ ಏರಿದಾಗ ಜಗತ್ತು ಮತ್ತೆ ಗಾಳಿ, ಬಿಸಿಲಿನ ಕಡೆ ತಿರುಗಿ ನೋಡಿತು. ಡೆನ್ಮಾರ್ಕಿನಲ್ಲಿ ಅಕ್ಕಪಕ್ಕದ ಮನೆಯವರು ಪಾಲು ಹಾಕಿ ಊರಿನ ಗಾಳಿಯಂತ್ರ ನಿಲ್ಲಿಸಿದರು. ಕ್ಯಾಲಿಫೋರ್ನಿಯಾದಲ್ಲಿ ತೆರಿಗೆ ವಿನಾಯಿತಿ ಕೊಟ್ಟರು, ಸಾವಿರಾರು ಯಂತ್ರಗಳು ಎದ್ದವು. 1985ರ ಕೊನೆಗೆ ವಿನಾಯಿತಿ ನಿಂತಿತು. ಮರುವರ್ಷವೇ ಅಲ್ಲಿಗೆ ಯಂತ್ರ ಮಾರುತ್ತಿದ್ದ ಡೆನ್ಮಾರ್ಕಿನ ವೆಸ್ಟಾಸ್ ಕಂಪನಿ ಸಾಲ ತೀರಿಸಲಾಗದೆ ಕೈ ಎತ್ತಿತು. ಆಮೇಲೆ ಎದ್ದು ನಿಂತಿತು, ಅದು ಬೇರೆ ಮಾತು. ಈ ಘಟನೆ ನೆನಪಿಡಿ, ನಮ್ಮಲ್ಲೂ ಇದೇ ಥರದ್ದು ಮುಂದೆ ಬರುತ್ತದೆ.

ನಮ್ಮ ದೇಶದಲ್ಲಿ 1982ರಲ್ಲಿ ಅಸಾಂಪ್ರದಾಯಿಕ ಇಂಧನಕ್ಕೆ ಒಂದು ಇಲಾಖೆ ಆಯಿತು. 1986ರಲ್ಲಿ ತಮಿಳುನಾಡು, ಗುಜರಾತು ಮತ್ತು ಮಹಾರಾಷ್ಟ್ರದ ರತ್ನಾಗಿರಿಯ ಕರಾವಳಿಯಲ್ಲಿ ಮೊದಲ ಗಾಳಿಯಂತ್ರಗಳ ಸಾಲು ನಿಂತಿತು. 1987ರಲ್ಲಿ ಇದಕ್ಕೆಂದೇ ಸಾಲ ಕೊಡಲು ಐರೆಡಾ ಅನ್ನುವ ಸರ್ಕಾರಿ ಸಂಸ್ಥೆ, 1992ರಲ್ಲಿ ಪ್ರತ್ಯೇಕ ಸಚಿವಾಲಯ. ಆದರೆ ನಿಜವಾಗಿ ದುಡ್ಡು ಹರಿಯಲು ಕಾರಣ ಇದ್ಯಾವುದೂ ಅಲ್ಲ. ಆದಾಯ ತೆರಿಗೆಯ ಒಂದು ನಿಯಮ. ಗಾಳಿಯಂತ್ರಕ್ಕೆ ಮೊದಲ ವರ್ಷವೇ ನೂರಕ್ಕೆ ನೂರು ಡಿಪ್ರಿಸಿಯೇಷನ್, ನಾವು ಬಿಕಾಂನಲ್ಲಿ ಓದಿದ ಸವಕಳಿ. ಒಂದು ಕೋಟಿಯ ಯಂತ್ರ ಹಾಕಿದರೆ ಆ ವರ್ಷದ ಲಾಭದಲ್ಲಿ ಒಂದು ಕೋಟಿ ಕಳೆಯಬಹುದು. ತೆರಿಗೆ ನೂರಕ್ಕೆ 35 ಅಂತಿಟ್ಟುಕೊಂಡರೆ 35 ಲಕ್ಷ ಆ ವರ್ಷವೇ ಉಳಿಯಿತು.

ಇದರಿಂದ ಯಾರು ಯಾರು ವಿದ್ಯುತ್ ಉತ್ಪಾದಕರಾದರು ನೋಡಿ. ಪುಣೆಯ ಆಕುರ್ಡಿಯ ಬಜಾಜ್ ಆಟೋ ಸಾತಾರಾದ ವಣಕುಸವಡೆಯಲ್ಲಿ ಸುಮಾರು 65 ಮೆಗಾವ್ಯಾಟ್ ಹಾಕಿತು. ಕೊಯ್ನಾ ಜಲಾಶಯದ ಮೇಲಿನ ಆ ಬಯಲುಬೆಟ್ಟ ಒಂದು ಕಾಲಕ್ಕೆ ಏಷ್ಯಾದ ದೊಡ್ಡ ಗಾಳಿಕ್ಷೇತ್ರಗಳಲ್ಲಿ ಒಂದು ಅನ್ನಿಸಿಕೊಂಡಿತ್ತು. ಇನ್ನು ನಾವು ಪುಣೆಯಿಂದ ಊರಿಗೆ ಹೋಗುವ ವಿಆರ್‌ಎಲ್ ಬಸ್ಸು! ಗದಗಿನಲ್ಲಿ 1976ರಲ್ಲಿ ಲಾರಿಯಿಂದ ಶುರುವಾದ ವಿಜಯ ಸಂಕೇಶ್ವರರ ಆ ಕಂಪನಿ ಗದಗಿನ ಕಪ್ಪತಗುಡ್ಡದಲ್ಲಿ 34 ಗಾಳಿಯಂತ್ರ ನಿಲ್ಲಿಸಿತ್ತು, ಒಟ್ಟು 42.5 ಮೆಗಾವ್ಯಾಟ್. ಆ ಯಂತ್ರ ಮಾಡಿದ್ದು ನಮ್ಮ ಪುಣೆಯ ಸುಜ್ಲಾನ್. ಅಂದರೆ ನಮ್ಮೂರ ಗುಡ್ಡ, ನಮ್ಮೂರ ಸಾಹುಕಾರರು, ನಾವಿರುವ ಊರಿನ ಯಂತ್ರ. ನಮ್ಮಂಥ ವಲಸಿಗರಿಗೆ ಎರಡೂ ಊರನ್ನು ಕೂಡಿಸುವ ಗಂಟು ಇದಕ್ಕಿಂತ ಬೇಕೇ?

ಈ ನಿಯಮದಲ್ಲಿ ಒಂದು ದೋಷವೂ ಇತ್ತು. ಲಾಭ ಸಿಗುತ್ತಿದ್ದದ್ದು ಯಂತ್ರ ಹಾಕಿದ್ದಕ್ಕೆ, ಅದು ಎಷ್ಟು ಕರೆಂಟು ಕೊಟ್ಟಿತು ಅನ್ನುವುದಕ್ಕಲ್ಲ. ಹಾಗಾಗಿ ಮಾರ್ಚ್ 31ರೊಳಗೆ ಯಂತ್ರ ನಿಲ್ಲಿಸುವ ಅವಸರ. ಗಾಳಿ ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ಇದನ್ನು ಸರಿಮಾಡಲು 2009ರ ಡಿಸೆಂಬರಿನಲ್ಲಿ ಉತ್ಪಾದಿಸಿದ ಪ್ರತಿ ಯೂನಿಟ್ಟಿಗೆ 50 ಪೈಸೆ ಪ್ರೋತ್ಸಾಹಧನ ತಂದರು. ಅಷ್ಟರಲ್ಲಿ ಸವಕಳಿ ನೂರರಿಂದ 80ಕ್ಕೆ ಇಳಿದಿತ್ತು. 2012ರಲ್ಲಿ ಅದನ್ನು 15ಕ್ಕೆ ಇಳಿಸಿದರು, 2014ರಲ್ಲಿ ಮತ್ತೆ 80, 2017ರಿಂದ 40. ಸಾಲ ಕೊಡುವವನಿಗೆ ಇಂಥ ಏರಿಳಿತ ಅಂದರೆ ಎದೆ ಢವಢವ.

ಸುಜ್ಲಾನ್ ಕತೆ ಪುಣೆಯವರಿಗೆಲ್ಲ ಗೊತ್ತಿದ್ದದ್ದೇ. ತುಳಸಿ ತಂತಿ ಗುಜರಾತಿನವರು, ಸೂರತ್ತಿನಲ್ಲಿ ನೂಲಿನ ವ್ಯಾಪಾರ. ಕರೆಂಟು ಬಿಲ್ಲಿನ ಕಾಟಕ್ಕೆ ಎರಡು ಗಾಳಿಯಂತ್ರ ತಂದವರು ನೂಲು ಬಿಟ್ಟು ಯಂತ್ರದ ವ್ಯಾಪಾರಕ್ಕೇ ಇಳಿದರು. 1995ರಲ್ಲಿ ಕಂಪನಿ, 2005ರಲ್ಲಿ ಷೇರುಪೇಟೆ. ಹಡಪಸರದ ಅವರ ಕಚೇರಿ ನೋಡಿದವರಿಗೆ ಆ ಏರಿನ ಅಂದಾಜು ಆಗಿರುತ್ತದೆ. 2006ರಲ್ಲಿ ಬೆಲ್ಜಿಯಂನ ಹ್ಯಾನ್ಸೆನ್, 2007ರಲ್ಲಿ ಜರ್ಮನಿಯ ಆರ್‌ಇಪವರ್ ಮೇಲೆ ಹಿಡಿತ. ಹೆಚ್ಚಿನದು ಸಾಲದ ಮೇಲೆ. 2008ರಲ್ಲಿ ಜಾಗತಿಕ ಕುಸಿತ ಬಂತು, ಅಮೆರಿಕದಲ್ಲಿ ಅವರ ಯಂತ್ರದ ರೆಕ್ಕೆಗಳು ಬಿರುಕು ಬಿಟ್ಟವು. 2012ರ ಅಕ್ಟೋಬರಿನಲ್ಲಿ 20 ಕೋಟಿ ಡಾಲರಿಗೂ ಮೇಲಿನ ಬಾಂಡು ತೀರಿಸಲಾಗಲಿಲ್ಲ. ಬ್ಯಾಂಕುಗಳು 2013ರಲ್ಲಿ ಒಮ್ಮೆ, 2020ರಲ್ಲಿ ಇನ್ನೊಮ್ಮೆ ಸಾಲವನ್ನು ಹೊಸದಾಗಿ ಹೊಂದಿಸಿಕೊಟ್ಟವು. ಆ ಜರ್ಮನ್ ಕಂಪನಿಯನ್ನು 2015ರಲ್ಲಿ ಮಾರಬೇಕಾಯಿತು. 2022ರ ಅಕ್ಟೋಬರ್ 1ರಂದು ತಂತಿ ಹೃದಯಾಘಾತದಿಂದ ತೀರಿಕೊಂಡಾಗ ಕಂಪನಿ ಹೊಸ ಬಂಡವಾಳ ಎತ್ತುತ್ತಿತ್ತು. ಮರುವರ್ಷ ಷೇರು ಮಾರಿ 2,000 ಕೋಟಿ ತಂದು ಸಾಲದ ಹೊರೆ ಇಳಿಸಿಕೊಂಡಿತು. ಇಷ್ಟೆಲ್ಲ ಆದರೂ ಅವರು ನಿಲ್ಲಿಸಿದ ಯಂತ್ರಗಳು ಸಾತಾರಾದಲ್ಲಿ ತಿರುಗುತ್ತಲೇ ಇದ್ದವು. ಗಾಳಿಗೆ ಯಾರ ಬ್ಯಾಲೆನ್ಸ್ ಶೀಟೂ ಗೊತ್ತಿಲ್ಲ.

ಸಣ್ಣ ಸಾಲ, ಎರಡು ದೀಪ

ಕೋಟಿಗಳ ಮಾತು ಸಾಕು, ಸಾವಿರದ ಲೆಕ್ಕಕ್ಕೆ ಬರೋಣ. ಇದರಲ್ಲಿ ನಮ್ಮ ಕರ್ನಾಟಕ ಜಗತ್ತಿಗೇ ಪಾಠ ಹೇಳಿದೆ. 1995ರಲ್ಲಿ ಹರೀಶ್ ಹಂದೆ ಬೆಂಗಳೂರಿನಲ್ಲಿ ಸೆಲ್ಕೋ ಶುರು ಮಾಡಿದಾಗ ಹಳ್ಳಿಯ ಬಡವರಿಗೆ ಸೋಲಾರ್ ದೀಪ ಅನ್ನುವುದು ಹುಚ್ಚು ಮಾತು. ಅವರು ದೀಪ ಪುಕ್ಕಟೆ ಹಂಚಲಿಲ್ಲ, ಸಾಲ ಕೊಡಿಸಿದರು. ಸಿಂಡಿಕೇಟ್ ಬ್ಯಾಂಕು, ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕು ಮುಂದೆ ಬಂದವು. ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಅಂದರೆ ಭಾರ, ದಿನಕ್ಕೆ 10 ರೂಪಾಯಿ ಅಂದರೆ ಸಲೀಸು, ಇದು ಹಂದೆಯವರು ಹೇಳುತ್ತ ಬಂದ ಮಾತು. 1928ರಿಂದ ಮನೆಬಾಗಿಲಿಗೆ ಹೋಗಿ ಪಿಗ್ಮಿ ವಸೂಲಿ ಮಾಡಿದ ಬ್ಯಾಂಕಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಜೊತೆ ಸೇರಿತು. ಅವರು ಯಂತ್ರಕ್ಕೆ ಸಬ್ಸಿಡಿ ಕೊಡಲಿಲ್ಲ, ಬಡ್ಡಿ ಇಳಿಸಿದರು, ನೂರಕ್ಕೆ 12ರಿಂದ 5ಕ್ಕೆ. ನಾಲ್ಕು ವರ್ಷದಲ್ಲಿ ಸುಮಾರು 19 ಸಾವಿರ ಮನೆಗಳಿಗೆ ಸಾಲ ಹೋಯಿತು. ಆಮೇಲೆ ಬಡ್ಡಿ ರಿಯಾಯಿತಿ ಕಡಿಮೆಯಾದರೂ ಸಾಲ ನಿಲ್ಲಲಿಲ್ಲ, ಯಾಕಂದರೆ ಅಷ್ಟರಲ್ಲಿ ಮ್ಯಾನೇಜರುಗಳಿಗೆ ಧೈರ್ಯ ಬಂದಿತ್ತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಬಡ್ತಿ ಸಿಕ್ಕ ಮೇಲೆ ಎರಡು ವರ್ಷ ನಾನು ಪುಣೆ ಬಿಟ್ಟು ಧಾರವಾಡ ಜಿಲ್ಲೆಯ ಒಂದು ಹಳ್ಳಿ ಶಾಖೆಯಲ್ಲಿದ್ದೆ. ಆಗ ಇಂಥ ಕೆಲವು ಸಾಲ ನನ್ನ ಕೈಯಿಂದಲೂ ಹೋದವು. ಒಬ್ಬ ಅಜ್ಜಿ, ಮಗನ ಜಾಮೀನಿಗೆ ಬಂದವಳು, ಕಾಗದವನ್ನೆಲ್ಲ ಓದಿಸಿ ಕೇಳಿ ಆಮೇಲೆ ಅಂದಳು: "ಎಲ್ಲಾ ಬಿಸಲಾಗಿಂದ ಬರ್ತೈತಿ ಅಂತೀರಿ, ಮತ್ತ ಕಂತು ಯಾತರದ್ರೀ ಸಾಹೇಬ್ರ?" ಶಾಖೆಯವರೆಲ್ಲ ನಕ್ಕರು. ಬಿಸಿಲಿಗೆ ಅಲ್ಲಜ್ಜಿ, ಅದನ್ನು ಹಿಡಿಯೋ ಪಾತ್ರೆಗೆ ಅಂದೆ. ಅದಕ್ಕೆ ಅವಳು, ಹಂಗಾರ ಚಿಮಣಿ ಎಣ್ಣಿ ದುಡ್ಡು ಎಷ್ಟಾಗತಿತ್ತೋ ಅಷ್ಟೇ ಕಂತು ಇಡ್ರಿ ಅಂದಳು. ನಮ್ಮ ಹೆಡ್ಡಾಫೀಸಿನ ಸುತ್ತೋಲೆಗಿಂತ ಸರಳವಾಗಿತ್ತು. ಇಂಥ ಸಾಲವನ್ನು ರಿಸರ್ವ್ ಬ್ಯಾಂಕು ಆದ್ಯತಾ ವಲಯದ ಪಟ್ಟಿಗೆ ಪ್ರತ್ಯೇಕವಾಗಿ ಸೇರಿಸಿದ್ದು 2015ರಲ್ಲಿ.

ಹರಾಜಿನ ಕಾಲ

ಜಗತ್ತಿನಲ್ಲಿ ಸೋಲಾರ್ ಅಗ್ಗವಾದದ್ದು ಹೇಗೆ? ಇಲ್ಲೂ ಸಾಲದ್ದೇ ದೊಡ್ಡ ಪಾತ್ರ. ಜರ್ಮನಿ 2000ದಲ್ಲಿ ಒಂದು ಕಾನೂನು ಮಾಡಿ, ಚಾವಣಿಯ ಮೇಲೆ ಕರೆಂಟು ಮಾಡಿದವರಿಗೆ 20 ವರ್ಷ ನಿಗದಿ ಬೆಲೆ ಅಂತ ಮಾತು ಕೊಟ್ಟಿತು. 20 ವರ್ಷದ ಆದಾಯ ಖಾತ್ರಿಯಾದರೆ ಯಾವ ಬ್ಯಾಂಕು ಸಾಲ ಕೊಡುವುದಿಲ್ಲ? ಬೇಡಿಕೆ ಎದ್ದಿತು. ಚೀನಾ ಸರ್ಕಾರಿ ಬ್ಯಾಂಕಿನ ಸಾಲದಿಂದ ಕಾರ್ಖಾನೆಗಳನ್ನು ಎಬ್ಬಿಸಿ ಪ್ಯಾನೆಲ್ಲಿನ ಬೆಲೆ ಮುರಿಯಿತು. ನಮ್ಮಲ್ಲಿ 2010ರಲ್ಲಿ ರಾಷ್ಟ್ರೀಯ ಸೌರ ಮಿಷನ್ ಶುರುವಾದಾಗ ಕೇಂದ್ರದ ಆಯೋಗ ಇಟ್ಟಿದ್ದ ದರ ಯೂನಿಟ್ಟಿಗೆ 17 ರೂಪಾಯಿ 91 ಪೈಸೆ. 2017ರಲ್ಲಿ ರಾಜಸ್ಥಾನದ ಭಡ್ಲಾ ಹರಾಜಿನಲ್ಲಿ 2 ರೂಪಾಯಿ 44 ಪೈಸೆ. 2020ರ ಕೊನೆಗೆ ಗುಜರಾತಿನಲ್ಲಿ 1 ರೂಪಾಯಿ 99 ಪೈಸೆ! ಹತ್ತೇ ವರ್ಷದಲ್ಲಿ ಹೀಗಾಗಿದೆ. ಗಾಳಿಗೂ 2017ರಲ್ಲಿ ಹರಾಜು ತಂದರು. ದರ ಇಳಿಯಿತು, ಜೊತೆಗೆ ಕೆಲಸವೂ ಇಳಿಯಿತು. ಒಂದು ವರ್ಷ ಸುಮಾರು 5,500 ಮೆಗಾವ್ಯಾಟ್ ಸೇರಿಸಿದ ದೇಶ ಮರುವರ್ಷ 2,000 ಮುಟ್ಟಲಿಲ್ಲ. ಕ್ಯಾಲಿಫೋರ್ನಿಯಾ ನೆನಪಾಯಿತೇ?

2025ರ ಜೂನ್ ಹೊತ್ತಿಗೆ ನಮ್ಮ ದೇಶದ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧ ಕಲ್ಲಿದ್ದಲು, ಎಣ್ಣೆ, ಅನಿಲ ಬಿಟ್ಟ ಮೂಲಗಳದ್ದಾಯಿತು. 2030ಕ್ಕೆ ಮುಟ್ಟುತ್ತೇವೆ ಅಂದಿದ್ದ ಗುರಿ ಇದು. ಆದರೆ ನಿಜವಾಗಿ ಹರಿಯುವ ಕರೆಂಟಿನಲ್ಲಿ ಇನ್ನೂ ಕಲ್ಲಿದ್ದಲಿನದೇ ದೊಡ್ಡ ಪಾಲು, ಬಿಸಿಲು ಹಗಲಿಗೆ ಮಾತ್ರ ತಾನೇ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಜಗತ್ತು ಶುದ್ಧ ಇಂಧನಕ್ಕೆ ಹಾಕಿದ ದುಡ್ಡು ಸುಮಾರು 2 ಲಕ್ಷ ಕೋಟಿ ಡಾಲರ್. ಚೀನಾ ಬಿಟ್ಟು ಉಳಿದೆಲ್ಲ ಅಭಿವೃದ್ಧಿಶೀಲ ದೇಶಗಳಿಗೆ ಸೇರಿ ಬಂದದ್ದು ಅದರಲ್ಲಿ ನೂರಕ್ಕೆ ಹದಿನೈದರಷ್ಟು. ಬಿಸಿಲು ಇರುವುದು ಇಲ್ಲಿ, ಅಗ್ಗದ ಬಡ್ಡಿ ಇರುವುದು ಅಲ್ಲಿ.

ಪಾವಗಡದ ಲಾವಣಿ

ದರ ಅಷ್ಟು ಇಳಿಯಲು ಇನ್ನೊಂದು ಕಾರಣ ದೊಡ್ಡ ದೊಡ್ಡ ಸೋಲಾರ್ ಪಾರ್ಕುಗಳು. ನಮ್ಮ ತುಮಕೂರು ಜಿಲ್ಲೆಯ ಪಾವಗಡದ್ದು ಅದರಲ್ಲಿ ಹೆಸರಾದದ್ದು. ಐದು ಹಳ್ಳಿಗಳ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. 2018ರ ಮಾರ್ಚಿನಲ್ಲಿ ಉದ್ಘಾಟನೆ, 2019ರ ಕೊನೆಗೆ ಪೂರ್ತಿ. ಮುಳಶಿಯ ಹಾಗೆ ಇಲ್ಲಿ ಭೂಮಿ ಕಿತ್ತುಕೊಳ್ಳಲಿಲ್ಲ. ಸರ್ಕಾರದ ಕಂಪನಿ ರೈತರಿಂದ ಗುತ್ತಿಗೆಗೆ ತೆಗೆದುಕೊಂಡಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5 ಏರಿಕೆ. ಬರಗಾಲದ ಸೀಮೆ, ಶೇಂಗಾ ಬೆಳೆದು ಸೋತವರಿಗೆ ಇದು ದೇವರು ಕೊಟ್ಟ ಹಾಗೆ. ನೂರು ವರ್ಷದಲ್ಲಿ ನಾವು ಇಷ್ಟು ಮುಂದೆ ಬಂದಿದ್ದೇವೆ, ಅದನ್ನು ಒಪ್ಪಬೇಕು. ಆದರೆ ಬಾಡಿಗೆ ಬಂದದ್ದು ಪಹಣಿ ಇದ್ದವರಿಗೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರು, ಕುರಿ ಮೇಯಿಸುತ್ತಿದ್ದವರು, ಇವರ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ಮುಳಶಿಯ ಮಾವಳನ ಹಾಗೆಯೇ.

ಈ ಪ್ರಶ್ನೆ ಈಗ ನಮ್ಮ ಮನೆಗೂ ಬಂದಿದೆ. ಗದಗ ಜಿಲ್ಲೆಯಲ್ಲಿ ನಮ್ಮದು ಒಂಬತ್ತು ಎಕರೆ ಒಣಬೇಸಾಯ. ತಮ್ಮ ನೋಡಿಕೊಳ್ಳುತ್ತಾನೆ, ನನ್ನ ಹೆಸರೂ ಪಹಣಿಯಲ್ಲಿದೆ. ಒಂದು ಕಂಪನಿಯವರು ಸೋಲಾರಿಗೆ ಕೇಳುತ್ತಿದ್ದಾರೆ. "ಅಣ್ಣಾ, ಲಾವಣಿಗಿಂತ ಭಾಳ ಜಾಸ್ತಿ ಕೊಡ್ತೀವಿ ಅಂತಾರ, ಏನ್ ಮಾಡೂಣು?" ಅಂತ ಅವನ ಫೋನು.

ನಾನು ಅವನಿಗೆ ಪಾವಗಡದ ಲೆಕ್ಕವನ್ನೇ ಮಾಡಿ ತೋರಿಸಿದೆ. ಎರಡು ವರ್ಷಕ್ಕೆ 5ರಂತೆ ಏರಿದರೆ 24 ವರ್ಷದ ಮೇಲೆ 21,000 ಆಗುವುದು ಸುಮಾರು 37,700. ಸಾಮಾನಿನ ಬೆಲೆ ವರ್ಷಕ್ಕೆ 5ರಂತೆ ಏರಿತು ಅಂತಿಟ್ಟುಕೊಂಡರೆ, ಆಗಿನ 37,700ಕ್ಕೆ ಬರುವ ಸಾಮಾನು ಮೊದಲ ವರ್ಷದ 11,700 ರೂಪಾಯಿಯ ಸಾಮಾನಿನಷ್ಟೇ. ಅಂಕಿ ಏರುತ್ತದೆ, ಬೆಲೆ ಅರ್ಧಕ್ಕೆ ಹತ್ತಿರ ಇಳಿಯುತ್ತದೆ. ಕಂಪನಿಯವರ ಕಡೆಯಿಂದಲೂ ಒಂದು ನ್ಯಾಯ ಇದೆ: ಅವರು ಮಾರುವ ಕರೆಂಟಿನ ದರವೂ 25 ವರ್ಷ ಹರಾಜಿನಲ್ಲಿ ಕಟ್ಟಿಹಾಕಿದ್ದು, ಏರುವುದಿಲ್ಲ. ಆದರೆ ಅವರ ಸಾಲ ಮಾತ್ರ ಹದಿನೈದು ಹದಿನೆಂಟು ವರ್ಷಕ್ಕೆ ತೀರುತ್ತದೆ, ಆಮೇಲಿನದು ಅವರಿಗೆ ನಿರಾಳ. ನೆಲದ ಬಾಡಿಗೆ ಆಗ ದೊಡ್ಡದಾಗಿ ಏರಲಿ ಅಂತ ಕೇಳುವುದರಲ್ಲಿ ತಪ್ಪೇನಿದೆ?

ಇನ್ನೊಂದು ವಿಷಯ ಹೆಚ್ಚಿನ ರೈತರಿಗೆ ಯಾರೂ ಹೇಳುವುದಿಲ್ಲ. ನಾವು ಸಹಿ ಮಾಡುವ ಆ ಗುತ್ತಿಗೆ ಪತ್ರದ ಹಕ್ಕನ್ನೇ ಕಂಪನಿ ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ತೆಗೆಯುತ್ತದೆ. ಕಂಪನಿ ಮುಳುಗಿದರೆ ಬ್ಯಾಂಕು ಇನ್ನೊಂದು ಕಂಪನಿಯನ್ನು ತಂದು ಕೂರಿಸಬಹುದು. ಅಂದರೆ ರೈತನೂ ಈ ಯೋಜನೆಯಲ್ಲಿ ಬಂಡವಾಳ ಹಾಕಿದವನೇ, ಅವನ ನೆಲ ಇಲ್ಲದೆ ಸಾಲವೇ ಹುಟ್ಟುವುದಿಲ್ಲ. ನನ್ನ ಮೇಜಿನ ಮೇಲೆ ಸಾಲದ ಫೈಲು ಬಂದಾಗ ನಾನು ಕೇಳುವ ಪ್ರಶ್ನೆಗಳನ್ನೇ ಅವನೂ ಕೇಳಬೇಕು. ಆದ್ದರಿಂದ ತಮ್ಮನಿಗೆ ನಾಲ್ಕು ಷರತ್ತು ಬರೆದು ಕಳಿಸಿದೆ. ಏರಿಕೆ ವರ್ಷಾವರ್ಷ ಇರಬೇಕು. ಕಂಪನಿ ಕೈ ಬದಲಾದರೆ ಬಾಕಿ ಬಾಡಿಗೆಯನ್ನು ಬರುವವನು ಮೊದಲು ತೀರಿಸಬೇಕು. ಅವಧಿ ಮುಗಿದ ಮೇಲೆ ಕಾಂಕ್ರೀಟು, ಕಂಬ ಕಿತ್ತು ಹೊಲ ಹಸನು ಮಾಡಿಕೊಡಲು ಈಗಲೇ ಠೇವಣಿ ಇಡಬೇಕು. ನಾಲ್ಕನೆಯದು, ನಮ್ಮ ಹೊಲದಲ್ಲಿ ಇಪ್ಪತ್ತು ವರ್ಷದಿಂದ ದುಡಿದ ಎರಡು ಮನೆಯವರಿಗೆ ಅಲ್ಲಿ ಕಾವಲೋ, ಪ್ಯಾನೆಲ್ ತೊಳೆಯುವುದೋ, ಒಂದು ಕೆಲಸ ಕಾಗದದಲ್ಲೇ ಬರೆದುಕೊಡಬೇಕು.

ಮೊದಲ ಮೂರನ್ನು ನೋಡೋಣ ಅಂದಿದ್ದಾರಂತೆ. ನಾಲ್ಕನೆಯದಕ್ಕೆ ಬಾಯಲ್ಲಿ ಹೂಂ ಅಂತಾರೆ, ಬರೆದುಕೊಡಲು ಒಪ್ಪುತ್ತಿಲ್ಲ. ಕಂಪನಿಯವರು ಒಬ್ಬೊಬ್ಬ ರೈತನನ್ನೇ ಬೇರೆ ಬೇರೆ ಭೇಟಿಯಾಗುತ್ತಿದ್ದಾರೆ. ತಮ್ಮ ಅಕ್ಕಪಕ್ಕದ ಹೊಲದವರನ್ನೆಲ್ಲ ಕೂಡಿಸಿ ಒಟ್ಟಿಗೆ ಮಾತಾಡೋಣ ಅಂತಿದ್ದಾನೆ, ಹದಿಮೂರು ಮನೆಯಲ್ಲಿ ಎಂಟು ಮನೆಯವರು ಬಂದಿದ್ದಾರೆ. ನನಗೆ ಸೋಲಾರ್ ಬೇಡ ಅಂತಿಲ್ಲ. ಬರಬೇಕು, ಬೇಗ ಬರಬೇಕು. ಪುಣೆಯಲ್ಲಿ ಕೂತು ಫ್ಯಾನು ಹಾಕಿಕೊಂಡು ಬರೆಯುತ್ತಿರುವವನು ನಾನು, ಆ ಕರೆಂಟು ಎಲ್ಲಿಂದಾದರೂ ಬರಲೇಬೇಕಲ್ಲ. ಉಳಿದ ಐದು ಮನೆಯವರಲ್ಲಿ ಇಬ್ಬರು ಇಲ್ಲೇ ಪಿಂಪ್ರಿ ಚಿಂಚವಾಡದಲ್ಲಿ ಕೆಲಸಕ್ಕಿದ್ದಾರೆ, ಪಹಣಿ ಅವರ ಹೆಸರಲ್ಲಿದೆ. ಸಹಿ ಹಾಕುವ ಮುಂಚೆ ಅವರ ಜೊತೆ ಕೂತು ಈ ಲೆಕ್ಕ ಒಮ್ಮೆ ಮಾಡಿ ತೋರಿಸಬೇಕು ಅಂತಿದ್ದೇನೆ. ಈ ಭಾನುವಾರ ಹೋಗಬೇಕು.